ಯಾರೂ ನಂಬಲಿಲ್ಲ

ಪತ್ರಿಕೆಯವರಿಗೆ ಕೀಲಿಯಣ್ಣನ ಮೇಲೆ ಹಗೆಯೇನೂ ಇರಲಿಲ್ಲ. ಹಗೆ ಇದ್ದಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಅವನ ಹೆಸರು ಕೂಡ ಗೊತ್ತಿಲ್ಲದವರು ಅವನ ಮುಖವನ್ನು ಮೊದಲ ಪುಟದಲ್ಲಿ ಅಂಗೈಯಗಲ ಅಚ್ಚು ಹಾಕಿ, ಕೆಳಗೆ ‘ಸಲಕರಣೆ ಸಮೇತ ಸಿಕ್ಕಿಬಿದ್ದ ಮನೆಗಳ್ಳ’ ಎಂದು ಬರೆದು, ಕೈ ತೊಳೆದು ಊಟಕ್ಕೆ ಹೋದರು.

ನಡೆದದ್ದು ಇಷ್ಟು. ದೊಡ್ಡ ಬೀದಿಯ ಒಂದು ಮನೆಗೆ ಕಳ್ಳರು ನುಗ್ಗಿದ್ದರು. ಕಬ್ಬಿಣದ ಬೀರುವನ್ನು ಮೀಟಲು ಹೋಗಿ, ಆಗದೆ, ಅದರ ಬೀಗವನ್ನು ಕೆಡಿಸಿಟ್ಟು ಓಡಿದ್ದರು. ಒಳಗಿನದು ಉಳಿದಿದೆಯೋ ಇಲ್ಲವೋ ನೋಡಬೇಕಲ್ಲ, ಪೊಲೀಸರು ಬೀಗ ರಿಪೇರಿಯ ಕೀಲಿಯಣ್ಣನನ್ನು ಅಂಗಡಿಯಿಂದ ಕರೆಸಿದರು. ಅವನು ಬೀರುವಿನ ಮುಂದೆ ಮಂಡಿಯೂರಿ, ಬಾಯಲ್ಲೊಂದು ತಂತಿ ಕಚ್ಚಿಕೊಂಡು, ಇನ್ನೊಂದನ್ನು ಬೀಗದೊಳಗೆ ಆಡಿಸುತ್ತಿದ್ದಾಗ ಪತ್ರಿಕೆಯ ಫೋಟೋದವನು ಬಂದು ಕ್ಲಿಕ್ಕಿಸಿಕೊಂಡು ಹೋದ. ಹಿಂದೆ ಪೊಲೀಸಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

ಆ ಪತ್ರಿಕೆಯಲ್ಲಿ ಫೋಟೋ ತೆಗೆಯುವವನು ಬರಿಯ ಫೋಟೋ ಕಳಿಸುತ್ತಾನೆ. ಅದರ ಕೆಳಗಿನ ಸಾಲನ್ನು ಕಚೇರಿಯಲ್ಲಿ ಕುರ್ಚಿ ಬಿಟ್ಟು ಏಳದವನೊಬ್ಬ ಬರೆಯುತ್ತಾನೆ. ಕುರ್ಚಿಯವನು ಬೀರು ನೋಡಿದ, ತಂತಿ ನೋಡಿದ, ಹಿಂದೆ ಪೊಲೀಸಪ್ಪನನ್ನು ನೋಡಿದ. ಬರೆದೇಬಿಟ್ಟ. ಫೋನೆತ್ತಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವ ಪುರುಸೊತ್ತು ಯಾರಿಗಿದೆ, ಹೋಗುವುದು ಇನ್ನೊಬ್ಬರ ಮಾನ ತಾನೇ.

ಕೀಲಿಯಣ್ಣ ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ, ಒಳಪುಟದ ಮೂಲೆಯಲ್ಲಿ ‘ಚಿತ್ರದ ವಿವರಣೆಯಲ್ಲಿ ಲೋಪವಾಗಿತ್ತು, ವಿಷಾದಿಸುತ್ತೇವೆ’ ಎಂದು ಹಾಕಿದರು. ಯಾವ ಚಿತ್ರ, ಏನು ಲೋಪ, ಒಂದೂ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇವರು ಆನೆಯಷ್ಟು ಮಾನ ಕಳೆದು ಅಡಿಕೆ ಕೊಟ್ಟು ಕಳಿಸಿದರು.

ಊರಿನವರು ಮಾತ್ರ ಬಹಳ ಒಳ್ಳೆಯವರು. ಒಬ್ಬರೂ ಅವನಿಗೆ ಒಂದು ಮಾತು ಅನ್ನಲಿಲ್ಲ. ಮೊದಲು ಕೀಲಿಯನ್ನು ಮೇಜಿನ ಮೇಲೆ ಎಸೆದು, “ಇನ್ನೊಂದು ಮಾಡಿಡು, ಸಂಜೆ ಬರ್ತೀನಿ” ಎಂದು ಹೋಗುತ್ತಿದ್ದವರು ಈಗ ಕೆಲಸ ಮುಗಿಯುವವರೆಗೂ ಎದುರಿಗೇ ನಿಂತು, ಹವಾಮಾನದ ಬಗ್ಗೆ ಮಾತಾಡಿ, ಎರಡೂ ಕೀಲಿ ಎಣಿಸಿಕೊಂಡು ಹೋಗತೊಡಗಿದರು. ಆಮೇಲೆ ಅವರೂ ಬರಲಿಲ್ಲ. ಔಷಧಿ ಅಂಗಡಿಯವರು ಎದುರಾದರೆ ಮೊದಲಿಗಿಂತ ಅಗಲವಾಗಿ ನಗುತ್ತಿದ್ದರು. ತಮ್ಮ ಅಂಗಡಿಯ ಬಾಗಿಲಿಗೆ ಮಾತ್ರ ಹೊರಗಿನವನೊಬ್ಬನನ್ನು ಕರೆಸಿ ಎರಡು ಹೊಸ ಬೀಗ ಜಡಿಸಿದ್ದರು.

ಅದನ್ನಾದರೂ ಅವನು ನುಂಗಿಕೊಂಡ. ಅಕ್ಕನದು ಗಂಟಲಲ್ಲಿ ನಿಂತಿತು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅಕ್ಕ. ಭಾವ ತೀರಿಹೋದ ಮೇಲೆ ಒಬ್ಬಳೇ ಇದ್ದಳು. ಕೀಲಿ ಮರೆಯುವುದರಲ್ಲಿ ಎತ್ತಿದ ಕೈ ಆದ್ದರಿಂದ ಅವಳ ಮನೆಯದೊಂದು ಕೀಲಿ ಯಾವಾಗಲೂ ಅವನ ಹತ್ತಿರ ಇರುತ್ತಿತ್ತು. ಸುದ್ದಿ ಬಂದ ಕೆಲವು ದಿನಕ್ಕೆ, ಅವಳಿಲ್ಲದಾಗ ಹಣ್ಣು ಇಟ್ಟು ಬರೋಣವೆಂದು ಹೋದರೆ ಕೀಲಿ ತಿರುಗಲಿಲ್ಲ. ಬಾಗಿಲಲ್ಲಿ ಹೊಸ ಬೀಗ.

“ಹಳೇದು ಕೆಟ್ಟುಹೋಗಿತ್ತು ಕಣೋ,” ಅಂದಳು ಅಕ್ಕ ಆಮೇಲೆ. “ನಿನಗ್ಯಾಕೆ ತೊಂದರೆ ಅಂತ ಬೇರೆಯವರ ಕೈಲಿ ಹಾಕಿಸಿದೆ.”

ಹಿಂದಿನ ತಿಂಗಳಷ್ಟೇ ಅದಕ್ಕೆ ಎಣ್ಣೆ ಬಿಟ್ಟವನು ಅವನೇ. ಅದು ಕೆಟ್ಟಿರಲಿಲ್ಲ. ಹಣ್ಣು ಕೊಟ್ಟು ಬಂದು ವಕೀಲರ ಮನೆಯ ಮೆಟ್ಟಿಲು ಹತ್ತಿದ.

“ದುಡ್ಡು ಬೇಡ ಸಾರ್,” ಅಂದ. “ಅದೇ ಮೊದಲ ಪುಟದಲ್ಲಿ, ಅಷ್ಟೇ ಅಗಲಕ್ಕೆ, ಇವನು ಕಳ್ಳ ಅಲ್ಲ ಅಂತ ಹಾಕಿಸಿ. ಇಲ್ಲದಿದ್ರೆ ಅಂಗಡಿ ಮುಚ್ಚಬೇಕಾಗುತ್ತೆ.”

ಮೊಕದ್ದಮೆ ಕುಂಟುತ್ತ ಸಾಗಿ ಸಾಕ್ಷಿಗಳ ಹಂತಕ್ಕೆ ಬಂದಾಗ ವಕೀಲರು ಅವನನ್ನು ಕೂರಿಸಿಕೊಂಡು ಹೇಳಿದರು: “ತಪ್ಪಾಗಿದೆ ಅಂತ ಅವರೇ ಒಪ್ಪಿದಾರೆ. ಆದ್ರೆ ತಪ್ಪು ಬರೆದ್ರು ಅಂದ್ರೆ ಸಾಲದು. ಅದರಿಂದ ಜನರ ಕಣ್ಣಲ್ಲಿ ನೀನು ಕೆಳಗಿಳಿದೆ ಅಂತ ಆಗಬೇಕು. ಅದನ್ನ ನೀನು ಹೇಳಿದ್ರೆ ಆಗಲ್ಲ. ಜನ ಬಂದು ಹೇಳಬೇಕು, ಹೌದು, ನಾವು ಇವನನ್ನ ಕಳ್ಳ ಅಂದುಕೊಂಡ್ವಿ ಅಂತ.”

ಎಂಥ ಕಾನೂನು ನೋಡಿ. ಮಾನ ಹೋದವನು ಮನೆ ಮನೆಗೆ ಹೋಗಿ, ‘ನೀವು ನನ್ನನ್ನು ಕಳ್ಳ ಅಂದುಕೊಂಡಿರಿ ಅಲ್ಲವಾ, ದಯವಿಟ್ಟು ಬಂದು ಹೇಳಿ’ ಎಂದು ಕೈಮುಗಿಯಬೇಕು. ಕೀಲಿಯಣ್ಣ ಅದನ್ನೂ ಮಾಡಿದ. ಎಲ್ಲರೂ “ಬರ್ತೀವಪ್ಪ, ನಿನಗೋಸ್ಕರ ಅಷ್ಟೂ ಮಾಡಲ್ವಾ” ಅಂದರು. ಬಂದರು ಕೂಡ, ಒಗೆದ ಬಟ್ಟೆ ಹಾಕಿಕೊಂಡು.

ಔಷಧಿ ಅಂಗಡಿಯವರು ಮೊದಲು ಕಟಕಟೆ ಹತ್ತಿದರು. “ಒಂದು ಕ್ಷಣಾನೂ ನಂಬಲಿಲ್ಲ ಸ್ವಾಮಿ. ಈತ ಅಂಥವನಲ್ಲ.” ಕೀಲಿಯಣ್ಣನ ವಕೀಲರು ಎರಡು ಹೊಸ ಬೀಗದ ಮಾತು ಕೇಳಿದ್ದಕ್ಕೆ, “ಈಗಿನ ಕಾಲದಲ್ಲಿ ಒಂದು ಸಾಕಾಗಲ್ಲ ನೋಡಿ” ಅಂದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, “ಅಪ್ಪಟ ಚಿನ್ನ” ಅಂದು ಕನ್ನಡಕ ಒರೆಸಿಕೊಂಡರು. ತಮ್ಮ ಮನೆಯ ಬೀರು ಕೆಟ್ಟು ಎಷ್ಟೋ ದಿನವಾದರೂ ಅವನನ್ನು ಕರೆಯದವರು ಅವರು. ಪತ್ರಿಕೆಯ ಕಡೆಯ ವಕೀಲ ಯಾರನ್ನೂ ಏನೂ ಕೇಳಲಿಲ್ಲ. ಪ್ರತಿಯೊಬ್ಬರಿಗೂ ತಲೆಬಾಗಿ ವಂದಿಸಿ ಕೂತ. ಬಾಯಿಗೆ ತಾನಾಗಿ ಬಂದು ಬೀಳುವ ತುತ್ತನ್ನು ಯಾವ ದಡ್ಡ ಬೇಡ ಅನ್ನುತ್ತಾನೆ.

ಉಳಿದವಳು ಅಕ್ಕ. ಹಿಂದಿನ ದಿನವೇ ಅವನು ಅವಳ ಕಾಲ ಬಳಿ ಕೂತು ಕೇಳಿದ್ದ.

“ಅಕ್ಕ, ನಿನ್ನ ಮೇಲೆ ನನಗೆ ಕೋಪ ಇಲ್ಲ. ಪೇಪರ್ ನೋಡಿ ಹೆದರಿಕೆ ಆಯ್ತು, ಅದಕ್ಕೇ ಬೀಗ ಬದಲಾಯಿಸಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳು. ಸಾಕು.”

ಅಕ್ಕ “ಹೇಳ್ತೀನಿ” ಅಂದಿದ್ದಳು.

ಅಕ್ಕ ಕಟಕಟೆ ಹತ್ತಿದಳು. ವಕೀಲರು ಮೆಲ್ಲಗೆ ಕೇಳಿದರು, “ಸುದ್ದಿ ಓದಿದ ಮೇಲೆ ನಿಮ್ಮ ಮನೆ ಬೀಗ ಬದಲಾಯಿಸಿದಿರಿ ಅಲ್ವಾ ಅಮ್ಮ? ಯಾಕೆ?”

ಅಕ್ಕ ತಮ್ಮನನ್ನು ನೋಡಿದಳು. ಬೆಂಚಿನ ಮೇಲೆ ಸಾಲಾಗಿ ಕೂತ ಬೀದಿಯವರನ್ನು ನೋಡಿದಳು.

“ಹಳೇದು ಕೆಟ್ಟಿತ್ತು,” ಅಂದಳು. “ನಾನು ಎತ್ತಿ ಆಡಿಸಿದ ಮಗು ಅದು. ಅವನ ಮೇಲೆ ಅನುಮಾನ ಪಡ್ತೀನಾ ನಾನು?” ಎಂದು ಅತ್ತಳು. ಬೆಂಚಿನಲ್ಲಿ ಇನ್ನೂ ಇಬ್ಬರು ಕಣ್ಣೊರೆಸಿಕೊಂಡರು.

ತೀರ್ಪಿನ ದಿನ ನ್ಯಾಯಾಧೀಶರು ಪತ್ರಿಕೆಯವರಿಗೆ ಚೆನ್ನಾಗಿಯೇ ಬೈದರು. ಇಂಥ ಅಜಾಗರೂಕತೆ ತರವಲ್ಲ ಅಂದರು. ಆದರೆ ಫಿರ್ಯಾದಿಯನ್ನು ಬಲ್ಲವರಲ್ಲಿ ಒಬ್ಬರ ವಿಶ್ವಾಸವೂ ಎಳ್ಳಷ್ಟು ಕದಲಿಲ್ಲ, ಇಷ್ಟು ಪ್ರೀತಿ ಪಡೆದವನು ಭಾಗ್ಯವಂತ, ಹಾನಿಯೇ ಆಗದ ಮೇಲೆ ಹೊಣೆ ಹೊರಿಸುವುದು ಹೇಗೆ ಎಂದು ಮೊಕದ್ದಮೆಯನ್ನು ವಜಾ ಮಾಡಿದರು. ಮೊದಲ ಪುಟದ ಮಾತು ಅಲ್ಲಿಗೇ ಸತ್ತಿತು.

ಹೊರಗೆ ಔಷಧಿ ಅಂಗಡಿಯವರು ಬೆನ್ನು ತಟ್ಟಿ, “ಬೇಜಾರು ಮಾಡ್ಕೋಬೇಡ, ನಾವಿದೀವಿ” ಅಂದರು. ಕೀಲಿಯಣ್ಣ ಅವರ ಮುಖಕ್ಕೆ ಉಗಿಯಲಿಲ್ಲ, ಅಷ್ಟೇ. ಅವರೆಲ್ಲ ಅತ್ತ ಹೋದ ಮೇಲೆ ಅಕ್ಕನನ್ನು ಮನೆಯವರೆಗೆ ಬಿಡಲು ಹೊರಟ.

“ಅಷ್ಟು ಜನರ ಮುಂದೆ ನನ್ನ ಬಾಯಲ್ಲಿ ಹೇಗೆ ಬರುತ್ತೋ ಅದು?” ಅಂದಳು ಅಕ್ಕ ಅರ್ಧ ದಾರಿಯಲ್ಲಿ. “ಸ್ವಂತ ತಮ್ಮನನ್ನೇ ಕಳ್ಳ ಅಂದುಕೊಂಡಳು ಅಂತ ಊರೆಲ್ಲ ಆಡಿಕೊಳ್ತಿತ್ತು. ನಿನಗೂ ಅವಮಾನ ತಾನೇ?”

“ಹೂಂ,” ಅಂದ.

“ಬಾ, ಒಂದು ಲೋಟ ಟೀ ಕುಡಿದು ಹೋಗು. ಮುಖ ಬಾಡಿಹೋಗಿದೆ.”

ಬಾಗಿಲ ಬಳಿ ಅಕ್ಕ ಕೈಚೀಲದಿಂದ ಕೀಲಿ ತೆಗೆದಳು. ಕೀಲಿಯ ಹಲ್ಲನ್ನು ಒಮ್ಮೆ ನೋಡಿದರೆ ಸಾಕು, ಅಂಥದ್ದೇ ಇನ್ನೊಂದು ಮಾಡಿಬಿಡ್ತಾನೆ ನಮ್ಮ ಹುಡುಗ ಎಂದು ಊರಿಗೆಲ್ಲ ಹೇಳಿಕೊಂಡು ಮೆರೆದವಳು ಅವಳೇ. ಈಗ ಕೀಲಿಯನ್ನು ಮುಷ್ಟಿಯೊಳಗೆ ಮುಚ್ಚಿ ಹಿಡಿದು, ಬಾಗಿಲಿಗೆ ಒತ್ತಿಕೊಂಡು, ಬೆನ್ನು ಅಡ್ಡ ಮಾಡಿ ನಿಂತಳು. ಅಭ್ಯಾಸ ಸಾಲದು, ಕೈ ತಡಕಾಡುತ್ತಿತ್ತು.

ಕೀಲಿಯಣ್ಣ ತಾನೇ ತಿರುಗಿ, ಬಾಗಿಲಿಗೆ ಬೆನ್ನು ಹಾಕಿ, ಅವಳಿಗೆ ಅನುಕೂಲವಾಗಲೆಂದು ಬೀದಿಯ ಕಡೆ ನೋಡುತ್ತ ನಿಂತ.

“ಆಯ್ತು ಬಾರೋ,” ಅಂದಳು ಅಕ್ಕ, ಒಳಗಿನಿಂದ.