ತೆಂಗಿನೆಣ್ಣೆ ಹಾಕಿದ ಬಂದೂಕು

ಬಂದೂಕಿನ ಹೊಟ್ಟೆ ಬಿಚ್ಚಿದ ದಿನವೇ ಅದರ ಕಾಯಿಲೆ ಏನೆಂದು ಜ್ಯೋತ್ಸ್ನಾಳಿಗೆ ಗೊತ್ತಾಗಿತ್ತು. ಆದರೆ ಅವಳನ್ನು ಯಾರೂ ಕೇಳಲಿಲ್ಲ. ಕೇಳದೆ ಬಾಯಿ ಹಾಕುವ ಅಭ್ಯಾಸ ಅವಳಿಗೆ ಹುಟ್ಟಿನಿಂದಲೇ ಇರಲಿಲ್ಲ.

ನಿಜವಾದ ಬಂದೂಕೇನಲ್ಲ ಅದು, ಏರ್‌ಸಾಫ್ಟ್ ರೈಫಲ್. ನೋಡಿದರೆ ಎದೆ ಝಲ್ಲೆನ್ನಬೇಕು. ಹಾರಿಸುವುದು ಮಾತ್ರ ಬಟಾಣಿಗಿಂತ ಚಿಕ್ಕ ಪ್ಲಾಸ್ಟಿಕ್ ಗುಂಡು. ಬ್ಯಾಟರಿಯಿಂದ ಗಿಯರು ತಿರುಗಿ ಸ್ಪ್ರಿಂಗನ್ನು ಎಳೆದು ಬಿಡುತ್ತದೆ, ಸ್ಪ್ರಿಂಗು ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ನಿನ ಮುಂದಿನ ಗಾಳಿ ಗುಂಡನ್ನು ದೂಡುತ್ತದೆ. ಶನಿವಾರ ಬಂತೆಂದರೆ ಮಕ್ಕಳುಮರಿ ಇರುವ ಗಂಡಸರು ಇದನ್ನು ಹೊತ್ತು ಕಾಡಿಗೆ ಹೋಗಿ ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಾರೆ. ಸತ್ತವರು ಬೆಂಚಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾರೆ.

ಬಂದೂಕಿನ ಒಡೆಯರು ಬಸವಕಿರಣ್, ಅವಳ ಅಕ್ಕನ ಗಂಡ ರಮಾನಾಥ ಭಾವನ ಆಫೀಸಿನ ಡೈರೆಕ್ಟರ್. ಆ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳು ಬಿದ್ದ ಮೇಲೆ ಆಫೀಸಿನಲ್ಲಿ ಹನ್ನೊಂದು ಕುರ್ಚಿ ಖಾಲಿಯಾಗಿದ್ದವು. ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಇನ್ನೊಂದು ಪಟ್ಟಿ ಹೊರಡುತ್ತದೆ, ಬರೆಯುವವರು ಬಸವಕಿರಣರೇ ಎಂದು ಸುದ್ದಿ. ಅಂಥ ಹೊತ್ತಿನಲ್ಲಿ ಅವರು ಭಾವನನ್ನು ಕರೆದು, "ನೀವು ಮೆಕ್ಯಾನಿಕಲ್ ಇಂಜಿನಿಯರ್ ಅಲ್ಲೇನ್ರಿ? ನನ್ನ ಗನ್ನು ಗುಂಡು ಹಾರಸೂದು ಬಿಟ್ಟು ಉಗುಳಾಕತ್ತೇತಿ. ಒಂದೀಟು ರಿಪೇರಿ ಮಾಡಿಕೊಡ್ರಿ, ಇಪ್ಪತ್ತೆರಡಕ್ಕ ಮ್ಯಾಚ್ ಐತಿ," ಎಂದರೆ ಯಾರು ತಾನೇ ಇಲ್ಲವೆನ್ನುತ್ತಾರೆ? "ನೋ ಪ್ರಾಬ್ಲಂ ಸರ್," ಎಂದು ಭಾವ ಅದನ್ನು ಓಲ್ಡ್ ಬ್ರಿಡ್ಜಿನ ಮನೆಗೆ ಹೊತ್ತು ತಂದರು.

ಭಾವ ಓದಿದ್ದು ಮೆಕ್ಯಾನಿಕಲ್ ನಿಜ. ಆಮೇಲೆ ಹದಿನಾಲ್ಕು ವರ್ಷ ಕೀಬೋರ್ಡ್ ಕುಟ್ಟಿದ್ದೂ ನಿಜ. ಮನೆಯಲ್ಲಿ ಬಲ್ಬು ಹೋದರೆ ಬದಲಾಯಿಸುವವಳು ಜಯಂತಿ ಅಕ್ಕ.

ಜ್ಯೋತ್ಸ್ನಾ ಉಡುಪಿಯಿಂದ ಬಂದದ್ದು ಅಕ್ಕನ ಬಾಣಂತನಕ್ಕೆ. ವಿಮಾನ ಹತ್ತುವುದಿಲ್ಲವೆಂದು ಅಮ್ಮ ಹಠ ಹಿಡಿದದ್ದರಿಂದ ತಂಗಿಯನ್ನು ಕಳಿಸಿದರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಅವಳು ನಾಲ್ಕು ವರ್ಷ ಜಯರಾಮು ಎಂಬವರ ಹೊಲಿಗೆ ಮೆಶಿನ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದ್ದಳು. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಬೇಕು ಎಂಬುದು ಅಲ್ಲಿ ಕಲಿತ ಮೊದಲ ಪಾಠ.

ಭಾವ ಆ ಪಾಠ ಕಲಿತಿರಲಿಲ್ಲ. ಗಿಯರ್ ಪೆಟ್ಟಿಗೆ ಬಿಚ್ಚಿದೊಡನೆ ಸ್ಪ್ರಿಂಗು ಚಂಗನೆ ಹಾರಿ ಸಾರಿನ ಪಾತ್ರೆಯೊಳಗೆ ಬಿತ್ತು. ಉಳಿದ ಸಾಮಾನು ಫ್ರಿಜ್ಜಿನ ಅಡಿಗೆ ಓಡಿತು. ಜ್ಯೋತ್ಸ್ನಾ ಪೊರಕೆಯಿಂದ ಒಂದೊಂದನ್ನೇ ಎಳೆದು, ಒರೆಸಿ, ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಜೋಡಿಸಿದಳು. ಪಿಸ್ಟನ್ನಿನ ತಲೆಗೆ ಸುತ್ತಿದ ರಬ್ಬರ್ ಬಳೆ ಒಣಗಿ ಬಿರುಕು ಬಿಟ್ಟಿದ್ದನ್ನು ಆಗಲೇ ಕಂಡಳು. ಗ್ಯಾಸ್ಕೆಟ್ ಹೋದ ಕುಕ್ಕರಿನ ಹಾಗೆ ಗಾಳಿ ಪಕ್ಕದಿಂದ ಸೋರಿ ಹೋಗುತ್ತಿತ್ತು, ಅಷ್ಟೇ.

ಕುಕ್ಕರ್ ಕೂಗದಿದ್ದರೆ ಭಾವ ಬೆಂಕಿ ದೊಡ್ಡದು ಮಾಡುವ ಪೈಕಿ. ಇಂಟರ್ನೆಟ್ಟಿನಲ್ಲಿ ಓದಿ ಗಟ್ಟಿ ಸ್ಪ್ರಿಂಗ್ ತರಿಸಿದರು. ನಲವತ್ತು ಗುಂಡಿಗೆ ಪ್ಲಾಸ್ಟಿಕ್ ಪಿಸ್ಟನ್ನಿನ ಹಲ್ಲು ಉದುರಿತು. ಲೋಹದ ಹಲ್ಲಿನ ಪಿಸ್ಟನ್ ಬಂತು. ಅದು ಗಿಯರನ್ನು ತಿಂದು ಹಾಕಿತು. ಉಕ್ಕಿನ ಗಿಯರು ಬಂತು. ಅದನ್ನು ತಿರುಗಿಸಲು ಬ್ಯಾಟರಿಗೆ ಶಕ್ತಿ ಸಾಲಲಿಲ್ಲ. ದೊಡ್ಡ ಬ್ಯಾಟರಿ ಬಂತು. ಅದು ಹಿಡಿಯೊಳಗೆ ಹಿಡಿಸದೆ, ಮಗುವಿನ ಕಾಲುಚೀಲದಲ್ಲಿ ತುಂಬಿ ಹೊರಗೆ ನೇತುಹಾಕಬೇಕಾಯಿತು. ಇಷ್ಟೆಲ್ಲ ಆದರೂ ಗುಂಡು ಮೊದಲಿಗಿಂತ ಎರಡೇ ಗೇಣು ಮುಂದೆ ಬಿದ್ದಿತು.

"ಅದಕ್ಕೆ ಹಾಕಿದ ಗಮನ ಈ ಮಗುವಿಗೆ ಹಾಕಿದ್ರೆ ಇಷ್ಟು ಹೊತ್ತಿಗೆ ನಡೀತಿತ್ತು," ಎಂದಳು ಅಕ್ಕ.

"ಕೆಲಸ ಹೋದ್ರೆ ನಡ್ಕೊಂಡೇ ಊರಿಗೆ ಹೋಗುದು, ಎಲ್ರೂ," ಎಂದರು ಭಾವ. ಜ್ಯೋತ್ಸ್ನಾ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಎರಡು ದಿನ ಮಾತು ಜೋಡಿಸಿಕೊಂಡು, ಬುಧವಾರ ಧೈರ್ಯ ಮಾಡಿದಳು.

"ಭಾವ, ಆ ರಬ್ಬರ್ ಬಳೆ..."

"ಇದು ಹೊಲಿಗೆ ಮೆಶಿನ್ ಅಲ್ಲ ಮಾರಾಯ್ತಿ. ನಿಂಗೆ ಗೊತ್ತಾಗುದಿಲ್ಲ."

ಗುರುವಾರ ಮಧ್ಯಾಹ್ನ ಮಗು ಮಲಗಿದ ಹೊತ್ತು ಅವಳು ಬಂದೂಕು ಬಿಚ್ಚಿ, ಪಿಸ್ಟನ್ನಿನ ಜೊತೆ ಬಂದಿದ್ದ ಹೊಸ ಬಳೆ ಹಾಕಿ, ಮುಚ್ಚಿ, ಏನೂ ಆಗದವಳ ಹಾಗೆ ಬಟ್ಟೆ ಮಡಚಲು ಕೂತಳು. ಸಂಜೆ ಭಾವ, ತರಿಸಿದ ಗ್ರೀಸು ಬರಲಿಲ್ಲವೆಂದು ಮಗುವಿನ ತಲೆಗೆ ಹಚ್ಚುವ ತೆಂಗಿನೆಣ್ಣೆಯನ್ನೇ ಗಿಯರಿಗೆ ಧಾರಾಳವಾಗಿ ಸುರಿದು ಟ್ರಿಗರ್ ಎಳೆದರು. ಗುಂಡು ಪಿಜ್ಜಾ ಡಬ್ಬ ತೂತು ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ನವೆಂಬರ್ ಇಪ್ಪತ್ತೇಳರ ಥ್ಯಾಂಕ್ಸ್‌ಗಿವಿಂಗನ್ನೇ ಹಾರಿಸಿಕೊಂಡು ಹೋಯಿತು.

"ನೋಡಿದ್ರಾ ನಮ್ಮ ಊರಿನ ಎಣ್ಣೆಯ ಮಹಿಮೆ!" ಭಾವ ಕುಣಿದರು.

ಶುಕ್ರವಾರ ಬೆಳಿಗ್ಗೆ ಕಿಟಕಿಯ ಮೇಲಿದ್ದ ಎಣ್ಣೆ ಬಾಟಲಿ ಎಂದಿನಂತೆ ಕಲ್ಲಾಗಿತ್ತು. ದಿನಾ ಅದನ್ನು ಬಿಸಿನೀರಿನ ನಲ್ಲಿಯಡಿ ಹಿಡಿದು ಕರಗಿಸುವವಳು ಜ್ಯೋತ್ಸ್ನಾ. ಕಾಡಿನಲ್ಲಿ ನಲ್ಲಿ ಎಲ್ಲಿಂದ ಬರಬೇಕು? "ಭಾವ, ಎಣ್ಣೆ ಚಳಿಗೆ..." ಎಂದದ್ದೇ, "ಎಣ್ಣೆಯ ಸುದ್ದಿ ಎತ್ಬೇಡ, ಅದೇ ನಮ್ಮನ್ನು ಉಳಿಸಿದ್ದು," ಎಂದು ಅವರು ಎದ್ದು ಹೋದರು.

ಹೇಳಲಾಗದ್ದನ್ನು ಮಾಡಬಹುದಲ್ಲ. ಶನಿವಾರ ಅಕ್ಕ, "ಬಂದು ಎರಡು ತಿಂಗಳಾಯ್ತು, ಡೈಪರ್ ಬಿಟ್ಟು ಎಂತ ನೋಡಿದ್ದಾಳೆ ಇವಳು? ಕರ್ಕೊಂಡು ಹೋಗಿ," ಎಂದಾಗ ಜ್ಯೋತ್ಸ್ನಾ ತಯಾರಾಗಿದ್ದಳು. ಬಂದೂಕಿನ ನಡುವಿಗೆ ಅಕ್ಕನ ಬೆನ್ನಿನ ಬಿಸಿನೀರಿನ ಚೀಲ ಕಟ್ಟಿ, ಮಗುವಿನ ಕಂಬಳಿ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ಕಾರಿನಲ್ಲಿ ಕೂತಳು. ಬಿಚ್ಚಿ ತೆಗೆದ ಹಳೇ ಸಾಮಾನು, ಮೊಟ್ಟೆಯ ಟ್ರೇ, ಸ್ಕ್ರೂಡ್ರೈವರ್ ಎಲ್ಲ ಕೈಚೀಲದಲ್ಲಿದ್ದವು.

ಬ್ರಿಡ್ಜ್‌ವಾಟರಿನ ಆಚೆ ಕಾಡಿನಂಚಿನ ಆಟದ ಮೈದಾನದ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಬಿಳಿಯ ಹೆಂಗಸು ಕಂಬಳಿ ಕಂಡು ಮುಖ ಅರಳಿಸಿದಳು. "ಸೋ ಕ್ಯೂಟ್! ಎಷ್ಟು ತಿಂಗಳು?" ಎಂದು ಇಂಗ್ಲಿಷಿನಲ್ಲಿ ಕೇಳುತ್ತ ಬಗ್ಗಿ ಕಂಬಳಿ ಸರಿಸಿದವಳು ಬಂದೂಕಿನ ಮೂತಿ ಕಂಡು ಎರಡು ಹೆಜ್ಜೆ ಹಿಂದೆ ಹಾರಿದಳು.

ಆಟಕ್ಕೆ ಮೊದಲು ಪ್ರತಿ ಬಂದೂಕಿನ ವೇಗ ಅಳೆಯುತ್ತಾರೆಂದು ಜ್ಯೋತ್ಸ್ನಾಳಿಗೂ ಗೊತ್ತಿರಲಿಲ್ಲ, ಭಾವನಿಗೂ ಗೊತ್ತಿರಲಿಲ್ಲ. ಸೆಕೆಂಡಿಗೆ ನಾಲ್ಕುನೂರು ಅಡಿ ದಾಟಿದರೆ ಒಳಗೆ ಬಿಡುವುದಿಲ್ಲ. ಬಸವಕಿರಣ್ ತಲೆಯಿಂದ ಕಾಲಿನವರೆಗೆ ಸೈನಿಕನ ವೇಷ ತೊಟ್ಟು, ಮೂವರು ಕ್ಲೈಂಟುಗಳ ಎದುರು ಗುಂಡು ಹಾರಿಸಿದರು. ಯಂತ್ರ ನಾಲ್ಕುನೂರ ಅರವತ್ತಮೂರು ತೋರಿಸಿತು. ರೆಫರಿ ತಲೆಯಾಡಿಸಿ ಬಂದೂಕನ್ನು ಪಕ್ಕಕ್ಕಿಟ್ಟ.

"ಅಲ್ರೀ ರಮಾನಾಥ," ಬಸವಕಿರಣರ ಧ್ವನಿ ಮೆತ್ತಗಿತ್ತು, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. "ನಾ ರಿಪೇರಿ ಮಾಡ್ರಿ ಅಂದಿದ್ದೆ. ತೋಪು ಮಾಡ್ರಿ ಅಂದಿದ್ನೇನ್ರಿ?"

ಭಾವನ ಮುಖ ಸುಣ್ಣದ ಹಾಗಾಯಿತು. ಏನಾಯಿತೆಂದು ಜ್ಯೋತ್ಸ್ನಾಳಿಗೆ ತಕ್ಷಣ ಹೊಳೆಯಿತು. ಬರೀ ಭಾವನ ಸ್ಪ್ರಿಂಗ್ ಆಗಿದ್ದರೆ ಬಂದೂಕು ಪಾಸಾಗುತ್ತಿತ್ತು. ಬರೀ ಅವಳ ಬಳೆ ಆಗಿದ್ದರೂ ಪಾಸಾಗುತ್ತಿತ್ತು. ಎರಡೂ ಸೇರಿ ಭಾವನ ಕೆಲಸಕ್ಕೇ ಗುರಿ ಇಟ್ಟಿದ್ದವು.

"ಹಳೇ ಸ್ಪ್ರಿಂಗ್ ನನ್ನ ಹತ್ರ ಉಂಟು," ಎಂದಳು. ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲ ಎಷ್ಟು ಜೋರಾಗಿ ಹೇಳಿದಳೆಂದರೆ ಬೆಂಚಿನ ಮೇಲಿದ್ದವರೂ ತಿರುಗಿ ನೋಡಿದರು.

ಕಾರಿನ ಡಿಕ್ಕಿಯಲ್ಲಿ ಕಂಬಳಿ ಹಾಸಿ ಅವಳು ಪೆಟ್ಟಿಗೆ ಬಿಚ್ಚಿದಳು. ಗಾಳಿ ತಾಗಿದ್ದೇ ಎಣ್ಣೆ ಗಿಯರಿನ ಮೇಲೆ ಬೆಳ್ಳಗೆ ತುಪ್ಪದ ಹಾಗೆ ಕಟ್ಟತೊಡಗಿತು.

ಬಸವಕಿರಣ್ ಮೂಗು ಮುಂದೆ ಮಾಡಿದರು. "ಇದೇನ್ರಿ, ಗನ್ನಿನೊಳಗ ಚಟ್ನಿ ವಾಸನಿ?"

ಭಾವ ಜ್ಯೋತ್ಸ್ನಾಳ ಬೆರಳನ್ನೇ ನೋಡುತ್ತಿದ್ದರು. ಅವಳು ಆ ಬಿಳಿಯನ್ನು ಒರೆಸಿ, ಸ್ಪ್ರಿಂಗ್ ಬದಲಾಯಿಸಿ, ಪಕ್ಕದ ಆಟಗಾರನೊಬ್ಬ ಕೊಟ್ಟ ಗ್ರೀಸು ತೆಳ್ಳಗೆ ಸವರಿದಳು. ಮುಕ್ಕಾಲು ಗಂಟೆ ಹಿಡಿಯಿತು. ಒಂದು ಸ್ಕ್ರೂ ಕೂಡ ಉಳಿಯಲಿಲ್ಲ. ಈ ಸಲ ಯಂತ್ರ ಮುನ್ನೂರ ಐವತ್ತೆರಡು ತೋರಿಸಿತು.

"ಭಾರೀ ಆತು! ಯಾರ ಕೈಚಳಕ ಇದು?"

ಭಾವ ಒಂದು ಹೆಜ್ಜೆ ಮುಂದೆ ಬಂದರು. "ಸರ್, ಸರಿ ಮಾಡಿದ್ದು ಇವಳು, ನನ್ನ ನಾದಿನಿ. ಹಾಳು ಮಾಡಿದ್ದು ನಾನು. ಎಣ್ಣೆ ಕೂಡ ನಂದೇ."

ಬಸವಕಿರಣ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸೆಪ್ಟೆಂಬರಿನಿಂದ ಈ ನಾಡಿನಾಗ ನಂದು ತಪ್ಪು ಅಂದ ಮೊದಲನೇ ಮನುಷ್ಯಾ ನೀವ ನೋಡ್ರಿ," ಎಂದು ಬಂದೂಕು ಹೊತ್ತು ಕಾಡಿಗೆ ನುಗ್ಗಿದವರು ಐದೇ ನಿಮಿಷಕ್ಕೆ ಸತ್ತು ಬಂದು, ಸಂತೋಷದಿಂದ ಸ್ಯಾಂಡ್‌ವಿಚ್ ಬಿಚ್ಚಿದರು.

ಬುಧವಾರ ಪಟ್ಟಿ ಹೊರಟಿತು. ಏಳು ಹೆಸರಿದ್ದವು, ಭಾವನದು ಇರಲಿಲ್ಲ. ಆ ಸಂಜೆ ಭಾವ ಮನೆಗೆ ಬಂದಾಗ ಎರಡೂ ಹೆಗಲಲ್ಲಿ ಒಟ್ಟು ಮೂರು ಬಂದೂಕು ನೇತಾಡುತ್ತಿದ್ದವು, ಎಲ್ಲ ಕ್ಲೈಂಟುಗಳು ರಿಪೇರಿಗೆ ಕೊಟ್ಟವು.

"ಫೆಬ್ರವರಿಗೆ ಇವಳ ವೀಸಾ ಮುಗೀತದೆ," ಎಂದಳು ಅಕ್ಕ. "ಆಮೇಲೆ ಎಂತ ಮಾಡ್ತೀರಿ?"

ಭಾವ ಬಾಗಿಲು ಹಾಕಿ, ಜ್ಯೋತ್ಸ್ನಾಳ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅವಳು ಖಾಲಿ ಮೊಟ್ಟೆಯ ಟ್ರೇಯನ್ನು ಅವರ ಮುಂದೆ ತಳ್ಳಿದಳು. ತೆಂಗಿನೆಣ್ಣೆಯ ಬಾಟಲಿಯನ್ನು ಎತ್ತಿ ಫ್ರಿಜ್ಜಿನ ತಲೆಯ ಮೇಲಿಟ್ಟಳು. ಮತ್ತೆ ಒಂದು ರಬ್ಬರ್ ಬಳೆಯನ್ನು ಬೆರಳ ತುದಿಯಲ್ಲಿ ಹಿಡಿದು, "ಇದು ಎಂತ?" ಎಂದು ಕೇಳಿದಳು.

ಭಾವ ಬಹಳ ಯೋಚಿಸಿದರು. "ವಾಷರ್?"

"ಅವಸರ ಬೇಡ ಭಾವ," ಎಂದಳು ಜ್ಯೋತ್ಸ್ನಾ. "ನಿಮಗೂ ಗೊತ್ತಾಗ್ತದೆ."