ಆರು ವರ್ಷ ಬಿದ್ದವಳು

ಜೂಡೋ ಕಪ್ಪು ಬೆಲ್ಟಿನ ಪರೀಕ್ಷೆಯಲ್ಲಿ ಫೇಲಾದೆ. ಅದೂ ಎಂಥ ಫೇಲು! ಎದುರಿಗೆ ನಿಂತವಳು ಬೇರೆ ಊರಿನ ಈಜು ಟೀಚರ್. ನನ್ನಷ್ಟೇ ತೂಕ, ನನಗಿಂತ ಎರಡು ವರ್ಷ ಕಡಿಮೆ ಅಭ್ಯಾಸ. ಅವಳ ಕಾಲರ್ ಹಿಡಿದು, ಸೊಂಟ ಕೊಟ್ಟು ಎತ್ತಿ ಎಸೆಯಲು ಹೋದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾಲ್ಕು ನಿಮಿಷದಲ್ಲಿ ಒಂಬತ್ತು ಸಲ ಪ್ರಯತ್ನಿಸಿದೆ, ಒಂಬತ್ತು ಸಲವೂ ತುಂಬಿದ ಬೀರು ತಳ್ಳಿದ ಹಾಗಾಯಿತು. ಕೊನೆಗೆ ಅವಳೇ ನನ್ನನ್ನು ಅಂಗಾತ ಮಲಗಿಸಿದಳು.

ಪರೀಕ್ಷಕರು ವಯಸ್ಸಾದವರು. ಹಾಳೆ ಮಡಚುತ್ತ ಮೆಲ್ಲಗೆ ಹೇಳಿದರು: “ಮೊದಲನೇ ಭಾಗದಲ್ಲಿ ನಿಮ್ಮ ಜೊತೆಗಾರ್ತಿನ ಅಷ್ಟು ಚೆನ್ನಾಗಿ ಎಸೆದ್ರಲ್ಲಮ್ಮ. ಈಗ ಗೊತ್ತಾಯ್ತು. ನೀವು ಎಸೀತಿಲ್ಲ, ಆಕೆ ಬೀಳ್ತಿದಾರೆ.”

ಮೈಯೆಲ್ಲ ಉರಿದುಹೋಯಿತು.

ಈ ಪರೀಕ್ಷೆಗೆ ಎರಡು ಭಾಗ. ಮೊದಲನೆಯದರಲ್ಲಿ ನಮ್ಮದೇ ಜೊತೆಗಾರರನ್ನು ಕರೆದೊಯ್ದು ಹತ್ತು ಎಸೆತಗಳನ್ನು ಕ್ರಮವಾಗಿ ತೋರಿಸಬೇಕು. ಅಲ್ಲಿ ಜೊತೆಗಾರರು ಚೆಂದವಾಗಿ ಬೀಳಲೇಬೇಕು, ಅದೇ ನಿಯಮ. ಎರಡನೆಯದರಲ್ಲಿ ಗುರುತು ಪರಿಚಯ ಇಲ್ಲದವರ ಜೊತೆ ನಿಜವಾದ ಸೆಣಸಾಟ. ಒಂದೇ ದಿನ ಎರಡನ್ನೂ ದಾಟಬೇಕು. ನನ್ನ ಜೊತೆಗಾರ್ತಿ ಬೇಕರಿ. ನಮ್ಮ ಜೂಡೋ ಮಾಸ್ಟರ್ ಎಲ್ಲರನ್ನೂ ಕಸುಬು ಹಿಡಿದೇ ಕೂಗುತ್ತಾರೆ. ಅವಳು ದಿನವಿಡೀ ಬ್ರೆಡ್ಡಿನ ಹಿಟ್ಟು ನಾದುವವಳು, ಹಾಗಾಗಿ ಬೇಕರಿ. ನಾನು ಕಾರು ಓಡಿಸಲು ಕಲಿಸುವವಳು, ಡ್ರೈವಿಂಗು.

ಆರು ವರ್ಷದ ಹಿಂದೆ ಒಂದೇ ವಾರದಲ್ಲಿ ಸೇರಿದೆವು. ಮಾಸ್ಟರ್ ತೂಕದ ಮಷಿನ್ ಮೇಲೆ ನಿಲ್ಲಿಸಿ, ಇಬ್ಬರೂ ಅರವತ್ತೆಂಟು ಕೆಜಿ ಎಂದು ಜೋಡಿ ಮಾಡಿಬಿಟ್ಟರು. ನನ್ನ ಮದುವೆ ಕೂಡ ಇಷ್ಟು ಸಲೀಸಾಗಿ ಕುದುರಿರಲಿಲ್ಲ. ಕ್ಲಾಸು ಮುಗಿದ ಮೇಲೆ, ಅದು ನಡೆಯುವ ಹಳೇ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಅವಳು ನನ್ನ ಮೊಣಕೈಗೆ ಮುಲಾಮು ಹಚ್ಚುತ್ತಿದ್ದಳು, ನಾನು ಆ ದಿನ ಕಾರು ಗೋಡೆಗೆ ಗುದ್ದಿಸಿದವರ ಕಥೆ ಹೇಳುತ್ತಿದ್ದೆ. ನನ್ನಮ್ಮ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಾಗ, ಹುಬ್ಬಿನ ಮೇಲೆ ಹಿಟ್ಟು ಹಾಗೇ ಇಟ್ಟುಕೊಂಡು ದಿನಾ ಬಂದು ಕೂರುತ್ತಿದ್ದಳು. ಅವಳ ನಾದಿನಿ ಮನೆ ಪಾಲಿನ ವಿಷಯಕ್ಕೆ ಜಗಳ ತೆಗೆದಾಗ ಅವಳ ಪರವಾಗಿ ಬಾಗಿಲಲ್ಲಿ ಹೋಗಿ ನಿಂತವಳು ನಾನು. ವಾರಕ್ಕೆ ಮೂರು ದಿನ ಕಾಲರ್ ಹಿಡಿದು ಎಳೆದಾಡಿದವಳ ಹತ್ತಿರ ಮುಚ್ಚಿಡುವುದಾದರೂ ಏನನ್ನು?

ನನಗೆ ಆ ಬೆಲ್ಟು ಬೇಕೇ ಬೇಕಿತ್ತು. ಮಾಸ್ಟರ ಮಂಡಿ ಹೋಗಿದೆ. ಸಂಜೆ ಹೆಂಗಸರ ಕ್ಲಾಸನ್ನು ಬೇರೆಯವರಿಗೆ ಒಪ್ಪಿಸುತ್ತೇನೆ, ಕಪ್ಪು ಬೆಲ್ಟ್ ಇದ್ದವರಿಗೆ ಮಾತ್ರ ಎಂದಿದ್ದರು. ಸದ್ಯಕ್ಕೆ ನಮ್ಮಲ್ಲಿ ಆ ಬೆಲ್ಟು ಇದ್ದದ್ದು ಪೋಸ್ಟ್‌ಮ್ಯಾನ್ ಒಬ್ಬನ ಹತ್ತಿರ ಮಾತ್ರ. ಆ ಕ್ಲಾಸಿನ ಹದಿನಾಲ್ಕು ಹೆಂಗಸರಲ್ಲಿ ಒಂಬತ್ತು ಜನರನ್ನು ಕಾಡಿಬೇಡಿ ಕರೆತಂದವಳು ನಾನು. ಅವರ ಮುಂದೆ ನಾನೇ ನಿಲ್ಲಬೇಕು ಎಂಬ ಆಸೆ. ಮಾಸ್ಟರ್ ಕ್ಲಾಸು ಬಿಡಲು ಇನ್ನು ಉಳಿದಿದ್ದು ಐದು ತಿಂಗಳು, ಅಷ್ಟರಲ್ಲಿ ಇದ್ದದ್ದು ಇನ್ನೊಂದೇ ಪರೀಕ್ಷೆ.

ಫೇಲಾದ ಮಾರನೇ ದಿನ ಮಧ್ಯಾಹ್ನ ನೆಟ್ಟಗೆ ಅವಳ ಅಂಗಡಿಯ ಹಿಂದಿನ ಕೋಣೆಗೆ ನುಗ್ಗಿದೆ.

“ನಿಜ ಹೇಳು. ನೀನು ಬೇಕಂತಾನೇ ಬೀಳ್ತಿದ್ಯಾ?”

ಅವಳು ಹಿಟ್ಟಿನಿಂದ ಕೈ ತೆಗೆಯಲಿಲ್ಲ. “ಈಗ್ಯಾಕೆ ಅದು?”

“ಅಂದ್ರೆ ಹೌದು!”

“ಶುರುವಲ್ಲಿ, ಎರಡನೇ ತಿಂಗಳು, ನೀನು ಬ್ಯಾಗ್ ಬಿಸಾಕಿ ‘ಇನ್ನು ಈ ಕಡೆ ತಲೆ ಹಾಕಲ್ಲ’ ಅಂತ ಹೊರಟಿದ್ದೆ, ನೆನಪಿದ್ಯಾ? ಮುಂದಿನ ಕ್ಲಾಸಲ್ಲಿ ನಾನು ಒಂಚೂರು ಮಂಡಿ ಬಗ್ಗಿಸಿದೆ. ನೀನು ಎಸೆದೆ. ಎಷ್ಟು ನಕ್ಕೆ ನೀನು, ಗೊತ್ತಾ! ನನ್ನ ಗಂಟೇನು ಹೋಗುತ್ತೆ ಅನ್ಕೊಂಡೆ.”

“ಆರು ವರ್ಷ ಕಣೇ!”

“ಬೇಕಂತ ಮಾಡಿದ್ದು ಒಂದು ತಿಂಗಳು ಇರಬಹುದು ಅಷ್ಟೇ. ಆಮೇಲೆ ಅಭ್ಯಾಸ ಆಗೋಯ್ತು. ನಿನ್ನ ಕೈ ಕಾಲರಿಗೆ ಬಂದ್ರೆ ಸಾಕು, ಮೈ ತಾನಾಗೇ ಬೀಳುತ್ತೆ. ಯಾವುದು ನೀನು ಎಸೆದಿದ್ದು, ಯಾವುದು ನಾನು ಬಿದ್ದಿದ್ದು, ನಂಗೇ ಗೊತ್ತಾಗಲ್ಲ.”

ನನ್ನ ಬಾಯಿಗೆ ಬೀಗ ಇಲ್ಲ ಎಂದು ನನ್ನ ಗಂಡ ಸುಮ್ಮನೆ ಹೇಳುವುದಲ್ಲ. ಓವನ್ನಿನ ಮುಂದೆ ನಿಂತವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ನನ್ನ ಕಣ್ಣಿಗೆ ಮಣ್ಣೆರಚಿದೆ ನೀನು ಎಂದೆ. ನಾನು ಬಿದ್ದಿದ್ದೆಲ್ಲ ನಿಜ, ನೀನು ಬಿದ್ದಿದ್ದೆಲ್ಲ ಸುಳ್ಳು ಎಂದೆ. ಹೊರಡುವಾಗ, “ಇನ್ನೊಂದು ಸಲ ನನಗೋಸ್ಕರ ಬಿದ್ಯೋ, ನಿನ್ನ ಮುಖ ನೋಡಲ್ಲ,” ಎಂದೂ ಸೇರಿಸಿದೆ.

ಅವಳು ಕ್ಲಾಸಿಗೆ ಬಂದಳು. ನಾನು ಕಾಲರ್ ಹಿಡಿದೆ, ಬಿದ್ದಳು.

“ಬೀಳ್ಬೇಡ ಅಂದ್ನಲ್ಲ!”

“ಅಯ್ಯೋ, ಗೊತ್ತಾಗ್ಲಿಲ್ಲ ಕಣೇ.”

ಮತ್ತೆ ಹಿಡಿದೆ, ಮತ್ತೆ ಬಿದ್ದಳು. ಅವಳ ಮೈಯಿಂದ ಆ ಬೀಳುವಿಕೆಯನ್ನು ಬಿಡಿಸಲು ಮೂರು ವಾರ ಬೇಕಾಯಿತು. ಬಿದ್ದಾಗಲೆಲ್ಲ ರೇಗುತ್ತಿದ್ದೆ. ಆಮೇಲೆ ಅವಳು ಎರಡು ಕಾಲನ್ನೂ ಮ್ಯಾಟಿಗೆ ಊರಿ, ಹಲ್ಲು ಕಚ್ಚಿ ನಿಲ್ಲಲು ಕಲಿತಳು. ಹಿಟ್ಟು ನಾದಿದ ತೋಳು ಬೇರೆ. ಈಗ ನನ್ನ ಕೈಯಲ್ಲಿ ಅವಳನ್ನು ಒಂದಿಂಚು ಸರಿಸಲು ಆಗಲಿಲ್ಲ. ವಾರಗಟ್ಟಲೆ ಅದೇ ಕಥೆ. ಮನೆಗೆ ಬಂದು ಪಾತ್ರೆ ಕುಕ್ಕಿದರೆ ಗಂಡ, “ನಿನ್ನ ಕೋಪಕ್ಕೇ ಒಂದು ಬೆಲ್ಟ್ ಕೊಡ್ಬೇಕು ಕಣೇ,” ಎಂದ. ಅವನ ಜೊತೆಯೂ ಎರಡು ದಿನ ಮಾತು ಬಿಟ್ಟೆ.

ನಾಲ್ಕನೇ ತಿಂಗಳು ಒಂದು ದಿನ ಅವಳನ್ನು ಮುಂದಕ್ಕೆ ಎಳೆದು, ಅವಳ ಹಿಮ್ಮಡಿ ಎದ್ದದ್ದೇ ನನ್ನ ಸೊಂಟವನ್ನು ಅವಳ ಕೆಳಗೆ ತಂದೆ. ದಪ್ಪೆಂದು ಬಿದ್ದಳು. ಅವಳು ಬೀಳುವ ಎಂದಿನ ಸದ್ದೇ ಅಲ್ಲ ಅದು. ಮಲಗಿದ್ದಲ್ಲಿಂದಲೇ ಅವಳು, “ಇದು ನಿಂದೇ,” ಎಂದು ನಕ್ಕಳು. ನಾನು ಕೈ ಕೊಟ್ಟು ಎಬ್ಬಿಸಬೇಕಿತ್ತು. “ಏಳು, ಇನ್ನೊಂದ್ಸಲ,” ಎಂದೆ.

ಮೆಟ್ಟಿಲ ಮೇಲೆ ಕೂರುವುದು ಅಷ್ಟು ಹೊತ್ತಿಗೆ ನಿಂತೇ ಹೋಗಿತ್ತು. ಓವನ್ ಹಚ್ಚಬೇಕು ಎಂದು ಹೇಳಿ ಸಂಜೆಯೇ ಓಡುತ್ತಿದ್ದಳು. ಓವನ್ ಹಚ್ಚುವುದು ಬೆಳಗಿನ ಜಾವ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದ್ದೂ ಕೇಳಲಿಲ್ಲ. ಪರೀಕ್ಷೆ ಮುಗಿಯಲಿ, ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

“ಡ್ರೈವಿಂಗು, ಮೊದಲನೇ ಭಾಗಾನೂ ಒಂದ್ಸಲ ಮಾಡ್ಕೊಳ್ರಮ್ಮ,” ಎಂದು ಮಾಸ್ಟರ್ ಎರಡು ಸಲ ನೆನಪಿಸಿದರು.

“ಅದು ಬಿಡಿ ಸಾರ್, ಆರು ವರ್ಷದಿಂದ ಮಾಡಿದ್ದೇ ಅದು,” ಎಂದೆ. ಎಂಥ ಪೆದ್ದಿ ನಾನು!

ಪರೀಕ್ಷೆಯ ದಿನ ಅದೇ ಪರೀಕ್ಷಕರು ಇದ್ದರು. ಮೊದಲ ಭಾಗ ಶುರುವಾಯಿತು. ಮೂರು ಎಸೆತ ಹೇಗೋ ದಾಟಿದವು. ನಾಲ್ಕನೆಯದು ಸೊಂಟದ ಎಸೆತ. ಕಾಲರ್ ಹಿಡಿದು ತಿರುಗಿದೆ. ಬೇಕರಿ ನಿಂತೇ ಇದ್ದಳು.

“ಬೀಳೇ,” ಎಂದು ಪಿಸುಗುಟ್ಟಿದೆ.

“ಆಗ್ತಿಲ್ಲ ಕಣೇ.” ಅವಳ ಮೇಲ್ದುಟಿಯ ಮೇಲೆ ಬೆವರು. ಬೇಕೆಂದು ಮಾಡುತ್ತಿರಲಿಲ್ಲ, ಅದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಕಾಲು ಮಾತ್ರ ಮ್ಯಾಟಿಗೆ ಕಚ್ಚಿಕೊಂಡಿತ್ತು. ನನಗೆ ತಲೆ ಕೆಟ್ಟು ಬಲವಾಗಿ ಜಗ್ಗಿದೆ. ಇಬ್ಬರೂ ಒಬ್ಬರ ಮೇಲೊಬ್ಬರು ಮಗುಚಿ ಬಿದ್ದೆವು. ನೋಡುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಪರೀಕ್ಷಕರು ಏನೋ ಗೀಚಿ ಹಾಳೆ ತಿರುವಿದರು.

ಎರಡನೇ ಭಾಗದಲ್ಲಿ ನನ್ನ ಎದುರು ಬಂದವಳು ನನಗಿಂತ ಎತ್ತರದ ನರ್ಸ್. ಆ ಸಿಟ್ಟಿನಲ್ಲಿ ಒಂದೇ ನಿಮಿಷದಲ್ಲಿ ಎರಡು ಸಲ ಎಸೆದೆ. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಏನು ಪ್ರಯೋಜನ? ಮೊದಲ ಭಾಗದಲ್ಲಿ ಫೇಲು ಎಂದರೆ ಫೇಲೇ. ಹೊರಗೆ ಪೋಸ್ಟ್‌ಮ್ಯಾನ್ ಕೈ ಹೊಸೆಯುತ್ತ ನಿಂತಿದ್ದ. “ಅಕ್ಕಾ, ಕ್ಲಾಸು ನನ್ನ ಹೆಸರಿಗೆ ಬಂದ್ರೇನು, ನೀವೂ ಬಂದು ಹೇಳಿಕೊಡಿ,” ಎಂದ. ಒಳ್ಳೆಯವನೇ. ಆದರೂ ಆ ಮಾತು ಮುಖಕ್ಕೆ ಹೊಡೆದ ಹಾಗಿತ್ತು.

ಬಟ್ಟೆ ಬದಲಿಸುವ ಕೋಣೆಗೆ ಹೋದೆ. ಬೇಕರಿ ಬೆಂಚಿನ ಮೇಲೆ ಕೂತು ಬೆಲ್ಟಿನ ಗಂಟು ಬಿಚ್ಚುತ್ತಿದ್ದಳು.

“ಬಯ್ಯಿ,” ಎಂದಳು, ತಲೆ ಎತ್ತದೆ. “ಬಯ್ದುಬಿಡು, ಮುಗೀಲಿ.”

ಬಾಯಿ ತೆರೆದೆ. ಏನೆಂದು ಬಯ್ಯಲಿ? ನಾನು ಹೇಳಿದ್ದನ್ನೇ ಅವಳು ಮಾಡಿದ್ದಳು. ನಾನು ಬಿಟ್ಟು ಹೋಗದಿರಲಿ ಎಂದು ಅವಳ ಮೈ ಕಲಿತ ಒಂದು ವಿದ್ಯೆಯನ್ನು ಐದು ತಿಂಗಳು ಕೂಗಾಡಿ ಮರೆಸಿದವಳು ನಾನೇ. ಬೆಲ್ಟು ಹೋದದ್ದಕ್ಕಿಂತ, ಕ್ಲಾಸು ಹೋದದ್ದಕ್ಕಿಂತ ಅದಕ್ಕೇ ಹೆಚ್ಚು ಸಂಕಟವಾಯಿತು. ಗೋಡೆಗೆ ಒರಗಿ ಅತ್ತುಬಿಟ್ಟೆ. ಅವಳು ಎದ್ದು ಬರಲಿಲ್ಲ.

“ಸೋಮವಾರ ಬರ್ತೀಯಾ?” ಎಂದೆ ಕೊನೆಗೆ.

“ಬಂದು? ಬೀಳ್ಬೇಕಾ, ನಿಲ್ಬೇಕಾ? ಮೊದ್ಲು ಅದೊಂದು ಹೇಳು.”

“ನಂಗೊತ್ತಿಲ್ಲ ಕಣೇ. ನೀನು ಬಾ, ಅಷ್ಟೇ.”

ಅವಳು ಬೆಲ್ಟನ್ನು ಸುತ್ತಿ ಬ್ಯಾಗಿಗೆ ತುರುಕಿದಳು, ಜಿಪ್ ಎಳೆದಳು, ಬಾಗಿಲವರೆಗೆ ಹೋಗಿ ನಿಂತಳು.

“ನೋಡೋಣ,” ಎಂದಳು.

ಆರು ವರ್ಷದಲ್ಲಿ ಅವಳು ನನಗೆ ಹಾಗೆಂದದ್ದು ಅದೇ ಮೊದಲು.