ಮೂರು ಚುಕ್ಕಿಯ ನಡೆಮಡಿ

ಕತ್ರಿಗುಪ್ಪೆಯಲ್ಲಿ ಮದುವೆಯೆಂದರೆ ಮುನಿವೆಂಕಟಮ್ಮ ಇರಲೇಬೇಕಿತ್ತು. ಚಪ್ಪರದ ಬಾಗಿಲಿನಿಂದ ಹಸೆಮಣೆಯವರೆಗೆ ಹೆಣ್ಣು ಗಂಡು ಬರಿನೆಲ ತುಳಿಯದೆ ನಡೆದುಹೋಗಲು ಒಗೆದ ಬಿಳಿ ಬಟ್ಟೆ ಹಾಸಬೇಕಲ್ಲ, ಆ ನಡೆಮಡಿ ಹಾಸುವ ಹಕ್ಕು ಅವಳ ಮನೆಯದು. ಅವಳ ಅತ್ತೆ ಹಾಸಿದ್ದಳು, ಅತ್ತೆಯ ಅತ್ತೆಯೂ ಹಾಸಿದ್ದಳು. ವರ್ಷವೆಲ್ಲ ಹಿತ್ತಿಲ ಬಾಗಿಲಲ್ಲಿ ನಿಂತು ಕೊಳೆಬಟ್ಟೆಯ ಗಂಟು ಹೊರುವ ಅಗಸಗಿತ್ತಿ ಆ ಒಂದು ದಿನ ಮುಂಬಾಗಿಲಲ್ಲಿ ಬರುತ್ತಿದ್ದಳು. ಅವಳು ಹಾಸದೆ ಯಾವ ಗೌಡನ ಮಗಳೂ ಹಸೆ ಏರುವಂತಿರಲಿಲ್ಲ. ಆಸ್ತಿ ಅಂತ ಅವಳಿಗಿದ್ದದ್ದು ಅದೊಂದೇ.

ಅರವತ್ತನೇ ಇಸವಿಯ ಹೊತ್ತಿಗೆ ಊರಿನ ಹೊಲಗಳೆಲ್ಲ ಸೈಟುಗಳಾದವು. ಹೊಲ ಹೋದ ಮೇಲೆ ಸುಗ್ಗಿಯಲ್ಲಿ ಅಗಸರ ಮನೆಗೆ ಅಳೆಯುತ್ತಿದ್ದ ರಾಗಿಯೂ ಹೋಯಿತು. ಕೊಳೆಬಟ್ಟೆ ಮಾತ್ರ ತಪ್ಪದೆ ಬರುತ್ತಿತ್ತು, ಅದಕ್ಕೇನು ಬರವೇ! ಗಂಡನೂ ಕಣ್ಣು ಮುಚ್ಚಿದ. ಮುನಿವೆಂಕಟಮ್ಮ ಬೇರೆ ದಾರಿ ಕಾಣದೆ ಜಯನಗರದಲ್ಲಿ ಹೊಸದಾಗಿ ತೆರೆದಿದ್ದ ನರ್ಸಿಂಗ್ ಹೋಮಿನ ಬಟ್ಟೆ ಹಿಡಿದಳು. ನೆಲ ಒರೆಸುವ ಬಟ್ಟೆ, ಕಸ ಗುಡಿಸುವವರ ಖಾಕಿ ಅಂಗಿ, ಆಪರೇಷನ್ ಮೇಜಿನ ಕೆಳಗೆ ರಕ್ತ ಹೀರಲೆಂದು ನೆಲಕ್ಕೆ ಹಾಸುವ ಹಳೇ ದುಪ್ಪಟಿಗಳು. ಇವನ್ನು ಬೇರೆ ಯಾವ ಅಗಸನೂ ಮುಟ್ಟಲು ಒಪ್ಪಿರಲಿಲ್ಲ.

ಅವಳು ಮುಟ್ಟಿದಳು, ಆದರೆ ಕಟ್ಟಳೆ ಬಿಡಲಿಲ್ಲ. ಯಡಿಯೂರು ಕೆರೆಯಲ್ಲಿ ಊರ ಬಟ್ಟೆಗೊಂದು ಕಲ್ಲು, ಆಸ್ಪತ್ರೆಯದಕ್ಕೆ ಕೋಡಿಯ ಹತ್ತಿರ ಇನ್ನೊಂದು ಕಲ್ಲು. ಸೋಡಾ ಹಾಕಿ ಬಟ್ಟೆ ಬೇಯಿಸುವ ಉಬ್ಬೆಗೂ ಎರಡು ಬೇರೆ ಹಂಡೆ. ಆಸ್ಪತ್ರೆ ಬಟ್ಟೆಯ ಮೂಲೆಗಳಲ್ಲಿ ಕರಿಗೇರು ಕಾಯಿಯ ರಸದಿಂದ ಗುರುತು ಇಟ್ಟಳು. ಖಾಕಿಗೆ ಒಂದು ಚುಕ್ಕಿ, ಒರೆಸುವ ಬಟ್ಟೆಗೆ ಎರಡು, ರಕ್ತದ ದುಪ್ಪಟಿಗೆ ಮೂರು. ಬಟ್ಟೆ ಹರಿದು ಚಿಂದಿಯಾದರೂ ಆ ಗುರುತು ಹೋಗದು.

ನರ್ಸಿಂಗ್ ಹೋಮಿನ ಸ್ಟೋರು ನೋಡಿಕೊಳ್ಳುತ್ತಿದ್ದ ಚಕ್ರಪಾಣಿ ಇದನ್ನು ಕಂಡು ನಗುತ್ತಿದ್ದ.

"ಎಲ್ಲಾ ಒಂದೇ ಹಂಡೆಗೆ ತುಂಬಿ ಬೇಯ್ಸಮ್ಮ. ನೆಲ ಒರೆಸೋ ಬಟ್ಟೆಗೆ ಇಷ್ಟೆಲ್ಲಾ ಶಾಸ್ತ್ರ ಯಾಕೆ?"

"ಬಟ್ಟೆಗಲ್ಲ ಸ್ವಾಮಿ, ನನ್ನ ಕೈಗೆ," ಎನ್ನುತ್ತಿದ್ದಳು.

ರಕ್ತ ಬಿಡಿಸುವುದೆಂದರೆ ಹುಡುಗಾಟವಲ್ಲ. ಬಿಸಿನೀರು ತಾಕಿತೋ, ಕಲೆ ಅಲ್ಲೇ ಕಚ್ಚಿಕೊಂಡುಬಿಡುತ್ತದೆ. ಮೊದಲು ತಣ್ಣೀರಿನಲ್ಲಿ ಉಪ್ಪು ಹಾಕಿ ನೆನೆಸಿ, ಆಮೇಲೆ ಎರಡೆರಡು ಸಲ ಉಬ್ಬೆ, ಬಿಸಿಲು, ಕಡೆಗೆ ನೀಲಿ. ಇಷ್ಟೆಲ್ಲ ಆದ ಮೇಲೆ ಇಡೀ ಗಂಟಿನಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತಿದ್ದದ್ದು ಮೂರು ಚುಕ್ಕಿಯ ದುಪ್ಪಟಿಗಳೇ.

ಈ ಚಕ್ರಪಾಣಿ ಬಾಡಿಗೆಗಿದ್ದದ್ದು ಕತ್ರಿಗುಪ್ಪೆಯಲ್ಲಿ, ಗೌಡ ಚಿಕ್ಕಬೈರಪ್ಪನ ವಠಾರದಲ್ಲಿ. ಒಂದು ದಿನ ಅವನ ಮಾತಿನ ನಡುವೆ ಅಗಸಗಿತ್ತಿಯ ಹೊಸ ಕೆಲಸ ಗೌಡನ ಕಿವಿಗೆ ಬಿತ್ತು. ಚಿಕ್ಕಬೈರಪ್ಪನ ಮಗಳು ಅಂಜನಿಯ ಮದುವೆ ಗೊತ್ತಾಗಿತ್ತು. ಮುನಿವೆಂಕಟಮ್ಮ ದಿನ ಕೇಳಲು ಹೋದಾಗ ಗೌಡ ಎಲೆಯಡಿಕೆ ಮೆಲ್ಲುತ್ತ ಜಗಲಿಯ ಮೇಲೆ ಕೂತಿದ್ದ.

"ಈ ಸಲ ನಡೆಮಡಿ ನೀನು ಹಾಸೋದು ಬ್ಯಾಡ, ಮುನೆಂಕಟಮ್ಮ."

"ಯಾಕೆ ಬುದ್ಧಿ?"

"ಯಾಕೆ ಅಂತ ಬೇರೆ ಕೇಳ್ತೀಯಾ? ಆಸ್ಪತ್ರೆ ನೆಲ ಒರೆಸಿದ್ದನ್ನ ಒಗೆಯೋ ಕೈ ನಿಂದು. ಯಾರ ರಕ್ತವೋ, ಯಾವ ಹೆಣದ್ದೋ. ಬೀಗರಿಗೆ ಗೊತ್ತಾದ್ರೆ ನನ್ನ ಮುಖಕ್ಕೆ ಉಗೀತಾರೆ."

"ಬ್ಯಾರೆ ಕಲ್ಲು, ಬ್ಯಾರೆ ಹಂಡೆ ಮಡಗಿವ್ನಿ ಬುದ್ಧಿ. ಅಂಜನವ್ವ ಹುಟ್ಟಿದಾಗ ಆ ಹೆರಿಗೆ ಬಟ್ಟೆ ಒಗೆದದ್ದೂ ಇದೇ ಕೈಯಲ್ವಾ? ಅದೂ ರಕ್ತಾನೇ ಅಲ್ವಾ?"

"ಅದು ನಮ್ಮನೆ ಬಟ್ಟೆ ಕಣಮ್ಮಿ. ಅದಕ್ಕೂ ಇದಕ್ಕೂ ಯಾಕೆ ಗಂಟು ಹಾಕ್ತೀಯಾ?" ಗೌಡ ಎಲೆಯಡಿಕೆ ಉಗಿದು ಬಂದು ಕೂತ. "ಹಾಂ, ಸೊಸೆಗೆ ದಿನ ತುಂಬ್ತಾ ಐತೆ. ಆ ಬಟ್ಟೆಗೆ ನೀನೇ ಬರ್ಬೇಕು. ಮರೀಬ್ಯಾಡ."

ಅಬ್ಬಬ್ಬಾ, ನ್ಯಾಯ ಅಂದರೆ ಇದು! ಹಿತ್ತಿಲಿಗೆ ಬೇಕು, ಮುಂಬಾಗಿಲಿಗೆ ಬೇಡ. ಮುನಿವೆಂಕಟಮ್ಮ ಕಾಲು ಹಿಡಿದಳು, ಬೇಡಿದಳು. ಆಸ್ಪತ್ರೆ ಕೆಲಸ ಬಿಡ್ತೀನಿ ಅಂತ ಕೂಡ ಅಂದಳು. ಬಿಟ್ಟರೆ ತಿನ್ನುವುದೇನು ಅಂತ ಗೌಡ ಕೇಳಲಿಲ್ಲ, ಎದ್ದು ಒಳಗೆ ಹೋದ.

ನಡೆಮಡಿಗೆ ಬಟ್ಟೆ ತರುವ ಹೊಣೆ ಚಕ್ರಪಾಣಿ ಹೊತ್ತ. "ನನಗೆ ಬಿಡಿ ಗೌಡ್ರೆ, ದಂಡಿನ ಕಡೆ, ಕಂಟೋನ್ಮೆಂಟಲ್ಲಿ ದೊಡ್ಡ ಲಾಂಡ್ರಿ ಇದೆ, ಅಲ್ಲಿಂದ ತರ್ತೀನಿ," ಎಂದು ಮಾತು ಕೊಟ್ಟ.

ಮದುವೆಯ ದಿನ ಹೋಗಬಾರದು ಎಂದುಕೊಂಡಿದ್ದಳು. ಕಾಲು ಕೇಳಲಿಲ್ಲ. ಅಂಜನಿಯ ತೊಟ್ಟಿಲ ಬಟ್ಟೆಯಿಂದ ಹಿಡಿದು ಲಂಗದವರೆಗೆ ಎಲ್ಲವನ್ನೂ ಒಗೆದವಳು, ಆ ಮಗುವಿನ ಮದುವೆ ನೋಡದೆ ಹೇಗಿದ್ದಾಳು? ಚಪ್ಪರದ ಹೊರಗೆ, ಎಲೆ ಎಸೆಯುವ ಕಡೆ ಹೋಗಿ ನಿಂತಳು.

ಚಕ್ರಪಾಣಿ ಬಟ್ಟೆ ಬಿಚ್ಚಿ ಹಾಸತೊಡಗಿದ. ಜನ ಅಬ್ಬಾ ಎಂದರು, ಅಷ್ಟು ಬಿಳುಪು. ಮುನಿವೆಂಕಟಮ್ಮನಿಗೆ ಮೊದಲು ಗುರುತು ಹತ್ತಿದ್ದು ಆ ಬಿಳುಪೇ. ತನ್ನ ಹೆತ್ತ ಮಗುವನ್ನು ತಾಯಿ ಗುರುತಿಸುವಂತೆ ಗುರುತಿಸಿದಳು. ಆಮೇಲೆ ಮೂಲೆಯತ್ತ ನೋಡಿದಳು. ಒಂದು, ಎರಡು, ಮೂರು ಚುಕ್ಕಿ.

ಪಾಪಿ! ಲಾಂಡ್ರಿಯೂ ಇಲ್ಲ, ದಂಡೂ ಇಲ್ಲ. ಸ್ಟೋರಿಗೆ ಹೋಗಿ ಎಲ್ಲಕ್ಕಿಂತ ಬೆಳ್ಳಗಿದ್ದ ಗಂಟನ್ನು ಎತ್ತಿಕೊಂಡು ಬಂದಿದ್ದ. ಅವನ ಕಣ್ಣಿಗೆ ಚುಕ್ಕಿ ಬರೀ ಚುಕ್ಕಿ.

ಅವಳು ಬಾಯಿ ತೆರೆದಿದ್ದರೆ ಸಾಕಿತ್ತು. ಗೌಡನ ಮಾನ ಬೀಗರ ಮುಂದೆ ಮೂರಾಬಟ್ಟೆಯಾಗುತ್ತಿತ್ತು, ಚಕ್ರಪಾಣಿಯನ್ನು ಕಂಬಕ್ಕೆ ಕಟ್ಟುತ್ತಿದ್ದರು. ಚಪ್ಪರದತ್ತ ಒಂದು ಹೆಜ್ಜೆ ಇಟ್ಟೂ ಇಟ್ಟಳು. ಅಷ್ಟರಲ್ಲಿ ಅಂಜನಿ ಬಂದಳು, ಅರಿಶಿನ ಮೆತ್ತಿದ ಪಾದಗಳನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಡುತ್ತ, ತಲೆ ತಗ್ಗಿಸಿಕೊಂಡು. ಈಗ ಹೇಳಿದರೆ ಹೆಣದ ಬಟ್ಟೆ ತುಳಿದು ಬಂದ ಸೊಸೆ ಅನ್ನುತ್ತಾರೆ. ನಾಳೆ ಆ ಮನೆಯಲ್ಲಿ ಎಮ್ಮೆ ಸತ್ತರೂ ಇವಳ ತಲೆಗೇ ಕಟ್ಟುತ್ತಾರೆ. ಮುನಿವೆಂಕಟಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಧಾರೆ ಮುಗಿದ ಮೇಲೆ ಚಿಕ್ಕಬೈರಪ್ಪ ಅವಳನ್ನು ಕಂಡ. ಕಂಡವನು ಸುಮ್ಮನೆ ಹೋಗಬಹುದಿತ್ತು.

"ನೋಡ್ದೇನಮ್ಮಿ? ಬಿಳುಪು ಅಂದ್ರೆ ಇದು. ಮಿಷೀನಲ್ಲಿ ಒಗೆಯೋದಂತೆ, ಮನುಷ್ಯರ ಕೈಯೇ ಸೋಕೋದಿಲ್ವಂತೆ. ನಿನ್ನ ಜನ್ಮದಲ್ಲಿ ಹಿಂಗೆ ಒಗ್ದಿದೀಯಾ?"

ಇಪ್ಪತ್ತು ವರ್ಷ ಆ ಮನೆಗೆ ಒಗೆದಿದ್ದಳು, ಒಂದು ದಿನ ಚೆನ್ನಾಗಿದೆ ಎಂದವನಲ್ಲ. ಅವಳ ಕೆಲಸವನ್ನು ಹೊಗಳಿದ್ದು ಅದೇ ಮೊದಲು.

"ಬಲು ಬೆಳ್ಳಗವೆ ಬುದ್ಧಿ," ಎಂದಳು. "ಒಗೆದೋರ ಹೊಟ್ಟೆ ತಣ್ಣಗಿರ್ಲಿ."

ಸೋಮವಾರ ಎಂದಿನಂತೆ ಆಸ್ಪತ್ರೆಯ ಗಂಟು ಬಂತು. ಮೂರು ಚುಕ್ಕಿಯ ದುಪ್ಪಟಿಗಳ ಮೇಲೆ ಈ ಸಲ ರಕ್ತವಿರಲಿಲ್ಲ, ಹಳದಿ ಹೆಜ್ಜೆಗಳಿದ್ದವು. ಸೋಡಾ ನೀರಿಗೆ ಬಿಟ್ಟಳು. ಅರಿಶಿನಕ್ಕೆ ಸೋಡಾ ತಾಕಿದರೆ ಕೆಂಪಾಗುತ್ತದೆಂದು ಅವಳಿಗೆ ತಿಳಿಯದ್ದೇನಲ್ಲ. ಆದರೂ ಅಂಜನಿಯ ಹೆಜ್ಜೆಗಳು ಒಂದೊಂದಾಗಿ ರಕ್ತದ ಬಣ್ಣಕ್ಕೆ ತಿರುಗುವುದನ್ನು ನೋಡಲಾರದೆ ದುಪ್ಪಟಿಯನ್ನು ನೀರಿನೊಳಕ್ಕೆ ಒತ್ತಿ ಹಿಡಿದಳು.

ಕೆರೆಯ ಏರಿಯ ಮೇಲಿಂದ ಗೌಡರ ಆಳು ಬೈರಣ್ಣ ಕೂಗಿದ. "ಮುನೆಂಕಟಕ್ಕಾ! ಗೌಡ್ರ ಸೊಸೆಗೆ ಗಂಡು ಕೂಸಾಯ್ತು. ಬಟ್ಟೆ ರಾಶಿ ಬಿದ್ದೈತೆ. ಹಿತ್ತಿಲ ಬಾಗ್ಲಿಗೆ ಬರ್ಬೇಕಂತೆ!"

ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು.

"ಬರಾಕಿಲ್ಲ ಅನ್ನು. ಮನುಷ್ಯರ ಕೈ ಸೋಕದ ಮಿಷೀನು ಐತಲ್ಲ, ಅದಕ್ಕೇ ಹಾಕ್ಸಿ ಅನ್ನು."

ಬೈರಣ್ಣ ಏರಿ ಇಳಿದು ಹೊರಟುಹೋದ. ಇನ್ನು ಆ ಊರಿನ ಯಾವ ಬಾಗಿಲೂ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಗ್ಗಿ, ದುಪ್ಪಟಿಯನ್ನು ಕಲ್ಲಿನ ಮೇಲೆ ಎತ್ತಿ ಬಡಿದಳು. ಬಡಿಯುತ್ತ ಬಡಿಯುತ್ತ ಅತ್ತಳು.